ಕೈ ಉಪಕರಣದಲ್ಲಿ ಪಿಸ್ತೂಲ್ ಕಾಡತೂಸಿನ ರೀಲೋಡಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿ, ವಾರಾಂತ್ಯಕ್ಕೆ ಶೂಟಿಂಗ್ ರೇಂಜಿಗೆ ಹೋಗುವ ಕನ್ನಡಿಗರು ಈಗ ಸಾಕಷ್ಟು ಜನ ಇದ್ದಾರೆ. ಒಂದು ರಿವಾಲ್ವರ್ ಕೊಂಡು, ಕಾಡತೂಸಿನ ಬಿಲ್ಲು ನೋಡಿದ ಮೇಲೆ "ಇದನ್ನು ಮನೆಯಲ್ಲೇ ತುಂಬಿಸಬಹುದಂತೆ, ಹೌದಾ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಮೇಜಿಗೆ ಬಿಗಿಯುವ ದೊಡ್ಡ ಪ್ರೆಸ್ (ಒತ್ತುವ ಯಂತ್ರ) ಇಲ್ಲದೆ, ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣಗಳಲ್ಲಿ ಮಾಡುವ ಕೆಲಸದ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇನೆ. ಯಾವ ಬುಲೆಟ್‌ಗೆ ಎಷ್ಟು ಪೌಡರ್ ಅನ್ನುವ ಲೆಕ್ಕ ಇಲ್ಲಿ ಸಿಗುವುದಿಲ್ಲ. ಅದನ್ನು ಪೌಡರ್ ಕಂಪನಿಯ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಬೇಕು. ಸ್ನೇಹಿತರು ಬಾಯಲ್ಲಿ ಹೇಳಿದ್ದನ್ನೂ ನಂಬಬೇಡಿ, ನಾನು ಹೇಳಿದರೂ ನಂಬಬೇಡಿ.

ರೀಲೋಡಿಂಗ್ ಅಂದರೆ ನಿಜವಾಗಿ ಏನು ಮಾಡುತ್ತಾರೆ?

ಒಂದು ಕಾಡತೂಸಿನಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಕೇಸ್, ಅದರ ತಳದಲ್ಲಿ ಕೂರುವ ಪುಟ್ಟ ಪ್ರೈಮರ್, ಒಳಗೆ ಪೌಡರ್, ಬಾಯಲ್ಲಿ ಬುಲೆಟ್. ಪಿನ್ ಬಡಿದಾಗ ಪ್ರೈಮರ್ ಕಿಡಿ ಕೊಡುತ್ತದೆ, ಪೌಡರ್ ಉರಿದು ಅನಿಲವಾಗುತ್ತದೆ, ಆ ಒತ್ತಡಕ್ಕೆ ಬುಲೆಟ್ ಹೊರಗೆ ಹೋಗುತ್ತದೆ. ಮೂರು ಖರ್ಚಾಗುತ್ತವೆ, ಕೇಸ್ ಉಳಿಯುತ್ತದೆ. ಆ ಉಳಿದ ಕೇಸನ್ನು ಮೊದಲಿನ ಅಳತೆಗೆ ತಂದು ಮತ್ತೆ ತುಂಬಿಸುವುದೇ ರೀಲೋಡಿಂಗ್.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಶುರು ಮಾಡಬಹುದಾ?

ಇದನ್ನು ಓದದೆ ಮುಂದೆ ಹೋಗಬೇಡಿ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ನಾನ್-ಇಮಿಗ್ರೆಂಟ್ ವೀಸಾದಲ್ಲಿ ಬಂದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಮದ್ದುಗುಂಡನ್ನೂ ಇಟ್ಟುಕೊಳ್ಳುವಂತಿಲ್ಲ. ಎಚ್-1ಬಿ, ಎಲ್-1, ವಿದ್ಯಾರ್ಥಿಗಳ ಎಫ್-1, ಎಲ್ಲ ಇದರಲ್ಲಿ ಬರುತ್ತವೆ. ವಿನಾಯಿತಿ ಇದೆ. ಯಾವುದಾದರೂ ಒಂದು ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಈ ನಿಷೇಧ ತಗಲುವುದಿಲ್ಲ. ಹಾಗಾಗಿಯೇ ಇರುವೆಯನ್ನೂ ಕೊಲ್ಲದ ನಮ್ಮ ಎಷ್ಟೋ ಐಟಿ ಮಂದಿಯ ಪರ್ಸಿನಲ್ಲಿ ಬೇಟೆ ಲೈಸೆನ್ಸ್ ಇರುತ್ತದೆ.

ಜನ ಎಡವುವುದು ಮುಂದಿನ ಮಾತಿನಲ್ಲಿ. ಆ ಕಾನೂನಿನಲ್ಲಿ ಮದ್ದುಗುಂಡು ಅಂದರೆ ತುಂಬಿದ ಕಾಡತೂಸು ಮಾತ್ರ ಅಲ್ಲ. ಖಾಲಿ ಕೇಸ್, ಪ್ರೈಮರ್, ಬುಲೆಟ್, ಪೌಡರ್, ಇವು ಬಿಡಿಬಿಡಿಯಾಗಿಯೂ ಮದ್ದುಗುಂಡೇ. "ನಾನು ಇನ್ನೂ ಏನೂ ತುಂಬಿಲ್ಲ, ಸುಮ್ನೆ ಪ್ರೈಮರ್ ಡಬ್ಬಿ ತಂದಿಟ್ಟಿದ್ದೇನೆ" ಅನ್ನುವ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಲೈಸೆನ್ಸ್ ಅವಧಿ ಮುಗಿದ ಮಾರನೇ ದಿನ ಮನೆಯಲ್ಲಿರುವ ಅದೇ ಡಬ್ಬಿ ಅಪರಾಧದ ವಸ್ತು ಆಗಿಬಿಡುತ್ತದೆ. ಶಿಕ್ಷೆ ಆದರೆ ಜೈಲಿನ ಜೊತೆಗೆ ವೀಸಾ, ಗ್ರೀನ್ ಕಾರ್ಡ್ ಕನಸು ಎಲ್ಲವೂ ಹೋಗುತ್ತವೆ. ಅನುಮಾನ ಇದ್ದರೆ ವಲಸೆ ವಕೀಲರನ್ನು ಕೇಳಿ, ರೇಂಜಿನ ಕೌಂಟರಿನಲ್ಲಿ ಕೂತವರನ್ನಲ್ಲ.

ಊರಿನಿಂದ ಬಂದ ಅಪ್ಪ, ಮಾವ ಕೂಡ ಇದೇ ಸಾಲಿಗೆ ಸೇರುತ್ತಾರೆ. ಅವರದು ಪ್ರವಾಸಿಗಳ ಬಿ-2 ವೀಸಾ. ಪಕ್ಕದಲ್ಲಿ ಕೂತು ನೋಡಲಿ, ಕೈಗೆ ಕೊಡಬೇಡಿ.

ಗ್ರೀನ್ ಕಾರ್ಡ್ ಇದೆ. ಬೇರೆ ಲೈಸೆನ್ಸ್ ಬೇಕಾ?

ನಿಮ್ಮ ಬಳಕೆಗೆ ನೀವೇ ತುಂಬಿಸಿಕೊಳ್ಳುವುದಾದರೆ ಕೇಂದ್ರ ಕಾನೂನಿನಲ್ಲಿ ಬೇಡ. ಮಾರುವುದಕ್ಕೆ ಹೊರಟರೆ ತಯಾರಕರ ಲೈಸೆನ್ಸ್ ಬೇಕು. ರಾಜ್ಯಗಳ ಕಾನೂನು ಬೇರೆ ಬೇರೆ. ಇಲಿನಾಯ್‌ನಲ್ಲಿ ಕಾಡತೂಸು ಇಟ್ಟುಕೊಳ್ಳುವುದಕ್ಕೇ ಒಂದು ಕಾರ್ಡ್ ಬೇಕು. ನಿಮ್ಮ ರಾಜ್ಯದ್ದನ್ನು ನೀವೇ ನೋಡಿಕೊಳ್ಳಿ.

ಕೈ ಉಪಕರಣ ಅಂದರೆ ಯಾವುವು?

ಮೂರು ಬಗೆ ಇವೆ ಅನ್ನಬಹುದು.

ಎಲ್ಲಕ್ಕಿಂತ ಹಳೆಯದು ಇಕ್ಕಳದ ಆಕಾರದ್ದು. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಜಾನ್ ಬಾರ್ಲೋ 1884ರಲ್ಲಿ ಶುರು ಮಾಡಿದ ಐಡಿಯಲ್ ಕಂಪನಿ ಇಂಥವನ್ನು ಮಾಡುತ್ತಿತ್ತು. ಊರಿನಿಂದ ದೂರ ಇರುತ್ತಿದ್ದ ಬೇಟೆಗಾರರು ಇದನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದರು. 1925ರಲ್ಲಿ ಆ ವ್ಯವಹಾರ ಲೈಮನ್ ಕಂಪನಿಗೆ ಬಂತು. ಲೈಮನ್ 310 ಅನ್ನುವ ಇಕ್ಕಳ ಅದೇ ವಂಶದ್ದು.

ಎರಡನೆಯದು ಸುತ್ತಿಗೆಯ ಕಿಟ್. ವಿಸ್ಕಾನ್ಸಿನ್‌ನ ರಿಚರ್ಡ್ ಲೀ 1958ರಲ್ಲಿ ತಮ್ಮ ಮನೆಯ ವರ್ಕ್‌ಶಾಪಿನಲ್ಲಿ ಶುರು ಮಾಡಿದ್ದು, ಹೆಸರು ಲೀ ಲೋಡರ್. ಮೊದಲು ಶಾಟ್‌ಗನ್‌ಗೆ ಬಂತು, ಆಮೇಲೆ ರೈಫಲ್, ಪಿಸ್ತೂಲುಗಳಿಗೆ. ಅಂಗೈ ಅಗಲದ ಡಬ್ಬಿಯಲ್ಲಿ ನಾಲ್ಕೈದು ಉಕ್ಕಿನ ತುಂಡು, ಒಂದು ಪ್ಲಾಸ್ಟಿಕ್ ಚಮಚ, ಒಂದು ಚೀಟಿ. ಉಳಿದದ್ದು ನಿಮ್ಮ ಸುತ್ತಿಗೆ. ಒಂದು ಕಿಟ್ ಒಂದೇ ಕ್ಯಾಲಿಬರಿಗೆ, ಅಂದರೆ ಒಂದೇ ಅಳತೆಯ ಕಾಡತೂಸಿಗೆ.

ಮೂರನೆಯದು ಹ್ಯಾಂಡ್ ಪ್ರೆಸ್. ಎರಡು ಹಿಡಿಕೆಯನ್ನು ಕೈಯಲ್ಲಿ ಹಿಡಿದು ಅಮುಕುವುದು. ದೊಡ್ಡ ಪ್ರೆಸ್‌ಗೆ ಬರುವ ಮಾಮೂಲಿ ಡೈಗಳೇ (ಕೇಸನ್ನು ಅಳತೆಗೆ ತರುವ ಉಕ್ಕಿನ ಅಚ್ಚುಗಳು) ಇದಕ್ಕೂ ಕೂರುತ್ತವೆ. ಅದೇ ಇದರ ದೊಡ್ಡ ಲಾಭ. ಮುಂದೆ ಮೇಜಿಗೆ ಬಿಗಿಯುವ ಪ್ರೆಸ್ ಕೊಂಡರೆ ಡೈಗಳಿಗೆ ಮತ್ತೆ ದುಡ್ಡು ಹಾಕಬೇಕಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ನಾನು ಹೇಳುವುದು ಇದನ್ನೇ. ಸುತ್ತಿಗೆ ಕಿಟ್ಟಿನ ಟಕ್ ಟಕ್ ಸದ್ದಿಗೆ ಕೆಳಗಿನ ಮನೆಯವರು ಬಾಗಿಲು ತಟ್ಟುವುದು ಖಂಡಿತ.

ಸುತ್ತಿಗೆ ಕಿಟ್‌ನಲ್ಲಿ ಒಂದು ಕಾಡತೂಸು ಹೇಗೆ ಆಗುತ್ತದೆ?

ರಿವಾಲ್ವರಿನ ಕಾಡತೂಸಾದ .38 ಸ್ಪೆಷಲ್ ಇಟ್ಟುಕೊಂಡು ಹೇಳುತ್ತೇನೆ. ಖಾಲಿ ಕೇಸನ್ನು ಮೊದಲು ಒರೆಸಬೇಕು. ರೇಂಜಿನ ಮರಳಿನ ಒಂದು ಕಣ ಅಂಟಿದ್ದರೂ ಡೈ ಒಳಗೆ ಗೀರು ಬೀಳುತ್ತದೆ, ಆಮೇಲೆ ಬರುವ ಪ್ರತಿ ಕೇಸಿನ ಮೇಲೂ ಅದೇ ಗೀರು. ಸಣ್ಣ ಕಡ್ಡಿ ಇಟ್ಟು ಒಂದೇಟು ಹಾಕಿದರೆ ಸುಟ್ಟ ಪ್ರೈಮರ್ ಉದುರುತ್ತದೆ. ಗುಂಡು ಹಾರಿದಾಗ ಕೇಸ್ ಕೂದಲೆಳೆಯಷ್ಟು ಹಿಗ್ಗಿರುತ್ತದೆ. ಅದನ್ನು ಡೈಗೆ ಬಡಿದು ಇಳಿಸಿದಾಗ ಮತ್ತೆ ಅಳತೆಗೆ ಬರುತ್ತದೆ.

ಆಮೇಲೆ ಹೊಸ ಪ್ರೈಮರ್. ಇಲ್ಲಿ ಜೋರು ಏಟು ಬೇಡ. ಮೆಲ್ಲಗೆ ತಟ್ಟುತ್ತಾ ಹೋದರೆ ಸದ್ದು ಬದಲಾಗುತ್ತದೆ. ಮೊದಲು ಮೆತ್ತಗೆ ಇರುತ್ತದೆ, ಪ್ರೈಮರ್ ತಳ ಮುಟ್ಟಿದಾಗ ಗಟ್ಟಿ ಸದ್ದು ಬರುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಅಪರೂಪಕ್ಕೆ ಈ ಹಂತದಲ್ಲಿ ಪ್ರೈಮರ್ ಸಿಡಿಯುತ್ತದೆ. ಪಟಾಕಿಯಷ್ಟೇ ಸದ್ದು ಬರುತ್ತದೆ, ಎದೆ ಧಸಕ್ ಅನ್ನುತ್ತದೆ. ಹಾಗಾಗಿ ಕನ್ನಡಕ ಮತ್ತು ಕಿವಿಗೆ ರಕ್ಷಣೆ ಇಲ್ಲದೆ ಕೂರಬಾರದು, ಮುಖವನ್ನು ಡೈ ಮೇಲೆ ಬಗ್ಗಿಸಬಾರದು, ಬಳಿಯಲ್ಲಿ ತೆರೆದ ಪೌಡರ್ ಇರಬಾರದು. ಪ್ರೈಮರ್ ಕೂರಿಸುವುದು ಪೌಡರ್ ಹಾಕುವ ಮೊದಲು ಅನ್ನುವುದನ್ನು ಗಮನಿಸಿ. ಆ ಕ್ರಮ ಸುಮ್ನೆ ಬಂದಿಲ್ಲ.

ಬಾಯಿಯನ್ನು ಚೂರು ಅಗಲ ಮಾಡಿ, ಪೌಡರ್ ಅಳೆದು ಹಾಕಿ, ಬುಲೆಟ್ ಇಳಿಸಿ, ಕೊನೆಗೆ ಬಾಯಿ ಬಿಗಿ ಮಾಡಿದರೆ ಮುಗಿಯಿತು. ಕಿಟ್ಟಿನ ಜೊತೆ ಬರುವ ಚೀಟಿಯಲ್ಲಿ ಚಿತ್ರ ಸಮೇತ ಇದೆ. ಅದನ್ನು ಬಿಟ್ಟು ಬೇರೆ ಅಡ್ಡದಾರಿ ಬೇಡ.

ಹೊಸಬರಿಗೆ .38 ಸ್ಪೆಷಲ್ ಒಳ್ಳೆಯದೋ, 9 ಎಂಎಂ ಒಳ್ಳೆಯದೋ?

.38 ಸ್ಪೆಷಲ್, ಕಣ್ಣು ಮುಚ್ಚಿ ಹೇಳುತ್ತೇನೆ. ಅಮೆರಿಕದ ಕಾಡತೂಸು ತಯಾರಕರ ಸಂಸ್ಥೆ ಸಾಮಿ ಹಾಕಿರುವ ಮಿತಿಯಲ್ಲಿ .38 ಸ್ಪೆಷಲ್‌ನ ಗರಿಷ್ಠ ಒತ್ತಡ 17,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಲೆಕ್ಕ). 9 ಎಂಎಂಗೆ 35,000. ಅಂದರೆ ಎರಡರಷ್ಟಕ್ಕಿಂತ ಜಾಸ್ತಿ. 9 ಎಂಎಂ ಕೇಸ್ ಗಿಡ್ಡ, ಒಳಗೆ ಜಾಗ ಕಡಿಮೆ. ಬುಲೆಟ್ ಸ್ವಲ್ಪ ಆಳಕ್ಕೆ ಇಳಿದರೂ ಒತ್ತಡ ಸರ್ರನೆ ಏರುತ್ತದೆ.

ಇನ್ನೊಂದು ವ್ಯತ್ಯಾಸ ಬಾಯಿ ಬಿಗಿಯುವುದರಲ್ಲಿ. .38ಕ್ಕೆ ತಳದಲ್ಲಿ ಅಂಚು ಇದೆ, ಸಿಲಿಂಡರಿನಲ್ಲಿ (ರಿವಾಲ್ವರಿನಲ್ಲಿ ಕಾಡತೂಸು ಕೂರುವ, ತಿರುಗುವ ಭಾಗ) ಆ ಅಂಚಿನ ಮೇಲೆ ಕೂರುತ್ತದೆ. ಹಾಗಾಗಿ ಬಾಯನ್ನು ಒಳಕ್ಕೆ ಮಡಚಬಹುದು. 9 ಎಂಎಂ ಪಿಸ್ತೂಲಿನ ಚೇಂಬರಿನಲ್ಲಿ (ಕಾಡತೂಸು ಕೂರುವ ಗೂಡು) ನಿಲ್ಲುವುದೇ ಕೇಸಿನ ಬಾಯಿಯ ಮೇಲೆ. ಅದನ್ನು ಮಡಚಿದರೆ ನಿಲ್ಲುವುದಕ್ಕೆ ಜಾಗವೇ ಇಲ್ಲ.

ಹಿತ್ತಾಳೆ ಆರಿಸುವ ಕೆಲಸವೂ ರಿವಾಲ್ವರಿನಲ್ಲಿ ಸುಲಭ. ಖಾಲಿ ಕೇಸ್‌ಗಳು ಸಿಲಿಂಡರಿನಲ್ಲೇ ಇರುತ್ತವೆ, ಅಂಗೈಗೆ ಸುರಿದುಕೊಳ್ಳಬಹುದು. 9 ಎಂಎಂ ಪಿಸ್ತೂಲ್ ಆದರೆ ಖಾಲಿ ಕೇಸ್ ಹಾರಿ ಪಕ್ಕದವರ ಕಾಲರಿನ ಒಳಗೆ ಹೋಗಿ ಬೀಳುತ್ತದೆ.

ಎಲ್ಲ ಖಾಲಿ ಕೇಸೂ ಆಗುತ್ತದಾ?

ಆಗುವುದಿಲ್ಲ. ಟಾರ್ಚ್ ಹಾಕಿ ಒಳಗೆ ನೋಡಿ. ತಳದ ನಡುವೆ ಒಂದೇ ತೂತು ಇದ್ದರೆ ಬಾಕ್ಸರ್ ಬಗೆ, ಕಡ್ಡಿ ಹಾಕಿ ಪ್ರೈಮರ್ ತೆಗೆಯಬಹುದು. ಪಕ್ಕಪಕ್ಕ ಎರಡು ಸಣ್ಣ ತೂತು ಇದ್ದರೆ ಬರ್ಡನ್ ಬಗೆ, ಬಿಸಾಡಿ. ತಮಾಷೆ ಅಂದರೆ ಬಾಕ್ಸರ್ ಇಂಗ್ಲೆಂಡಿನವರು, ಬರ್ಡನ್ ಅಮೆರಿಕದವರು. ಆದರೆ ಅಮೆರಿಕ ಹಿಡಿದದ್ದು ಬಾಕ್ಸರ್ ಬಗೆಯನ್ನು, ಯುರೋಪಿನ ಸೈನ್ಯಗಳು ಹಿಡಿದದ್ದು ಬರ್ಡನ್ ಬಗೆಯನ್ನು.

ಅಯಸ್ಕಾಂತಕ್ಕೆ ಅಂಟುವ ಉಕ್ಕಿನ ಕೇಸ್ ಬೇಡ. ಅಲ್ಯೂಮಿನಿಯಂ ಬೇಡ. ಸೈನ್ಯದ ಕೇಸುಗಳಲ್ಲಿ ಪ್ರೈಮರ್ ಸುತ್ತ ಬಿಗಿ ಹಾಕಿರುತ್ತಾರೆ. ಅದನ್ನು ಕೆರೆದು ತೆಗೆಯದೆ ಹೊಸ ಪ್ರೈಮರ್ ಬಡಿಯುವುದು ಅಪಾಯ.

ಬಿರುಕು ಹುಡುಕುವುದಕ್ಕೆ ಕಣ್ಣಿಗಿಂತ ಕಿವಿ ವಾಸಿ. ನಾಲ್ಕೈದು ಕೇಸನ್ನು ಅಂಗೈಯಲ್ಲಿ ಹಾಕಿ ಕುಲುಕಿ. ಸಂತೆಯಲ್ಲಿ ಮಡಕೆ ತಟ್ಟಿ ನೋಡಿದ ಹಾಗೆಯೇ ಇದು. ಚೆನ್ನಾಗಿರುವುದು ಟಣ್ ಅನ್ನುತ್ತದೆ, ಬಾಯಿ ಸೀಳಿದ್ದು ಒಂದೇ ಇದ್ದರೂ ಸದ್ದು ಮಂಕಾಗುತ್ತದೆ. ಕಡಿಮೆ ಒತ್ತಡದ .38ರಲ್ಲಿ ಒಂದೇ ಕೇಸ್ ಎಷ್ಟೋ ಸಲ ಬರುತ್ತದೆ. ಬಾಯಿ ಸೀಳಿದ ದಿನ ಅದರ ಕೆಲಸ ಮುಗಿಯಿತು.

ಚಮಚದಲ್ಲಿ ಅಳೆದರೆ ಸಾಕಾ? ತಕ್ಕಡಿ ಬೇಕೇಬೇಕಾ?

ಬೇಕು. ಚಮಚ ಅಳೆಯುವುದು ಗಾತ್ರವನ್ನು, ಮ್ಯಾನ್ಯುಯಲ್ ಹೇಳುವುದು ತೂಕವನ್ನು. ಒಂದೊಂದು ಪೌಡರಿನ ಸಾಂದ್ರತೆ ಒಂದೊಂದು. ಕಿಟ್ಟಿನ ಚಮಚ ಆ ಚೀಟಿಯಲ್ಲಿ ಹೆಸರಿಸಿದ ಪೌಡರ್‌ಗಳಿಗೆ ಮಾತ್ರ ಸರಿ. ತೂಕದ ಲೆಕ್ಕ ಗ್ರೇನ್‌ನಲ್ಲಿ ಇರುತ್ತದೆ. 7,000 ಗ್ರೇನ್ ಸೇರಿದರೆ ಒಂದು ಪೌಂಡ್, ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್. ಪಿಸ್ತೂಲಿನ ಲೆಕ್ಕದಲ್ಲಿ ಅರ್ಧ ಗ್ರೇನ್ ಕೂಡ ದೊಡ್ಡದು. ಗ್ರೇನ್ ಅನ್ನು ಗ್ರಾಂ ಅಂದುಕೊಂಡು ಅಳೆಯುವುದಂತೂ ಪ್ರಾಣಕ್ಕೇ ಸಂಚಕಾರ. ಅಡುಗೆಮನೆಯ ತಕ್ಕಡಿ ಈ ಕೆಲಸಕ್ಕೆ ಬರುವುದಿಲ್ಲ.

ಮ್ಯಾನ್ಯುಯಲ್‌ನಲ್ಲಿ ಎರಡು ಅಂಕಿ ಇರುತ್ತವೆ, ಶುರುವಿನದು ಮತ್ತು ಗರಿಷ್ಠ. ಶುರುವಿನ ಅಂಕಿಯಿಂದಲೇ ಶುರು ಮಾಡಿ. ರೇಂಜಿನಲ್ಲಿ ಕಾಗದಕ್ಕೆ ತೂತು ಮಾಡುವವರಿಗೆ ಗರಿಷ್ಠ ಯಾಕೆ ಬೇಕು?

ನಿಜವಾದ ಅಪಾಯ ಎಲ್ಲಿದೆ?

ಹೆದರಬೇಕಾದದ್ದು ಎರಡಕ್ಕೆ. ಒಂದೇ ಕೇಸಿಗೆ ಎರಡು ಸಲ ಪೌಡರ್ ಬೀಳುವುದು, ಇಲ್ಲವೇ ಪೌಡರ್ ಬೀಳದೇ ಹೋಗುವುದು.

.38 ಸ್ಪೆಷಲ್ ಹುಟ್ಟಿದ್ದು 19ನೇ ಶತಮಾನದ ಕೊನೆಯಲ್ಲಿ, ಕರಿಮದ್ದಿನ ಕಾಲಕ್ಕೆ. ಕರಿಮದ್ದಿಗೆ ಜಾಗ ಜಾಸ್ತಿ ಬೇಕಿತ್ತು, ಹಾಗಾಗಿ ಕೇಸ್ ಉದ್ದ. ಈಗಿನ ಹೊಗೆರಹಿತ ಪೌಡರ್ ಅದರಲ್ಲಿ ತಳ ಮುಚ್ಚುವಷ್ಟೇ ಬೀಳುತ್ತದೆ. ಬುಲ್ಸ್‌ಐ ಥರದ ಬೇಗ ಉರಿಯುವ ಪೌಡರ್ ಆದರೆ ಎರಡು ಪಾಲು ಬಿದ್ದರೂ ಕೇಸ್ ತುಂಬಿ ಹೊರಗೆ ಚೆಲ್ಲುವುದಿಲ್ಲ. ಮೇಲೆ ಬುಲೆಟ್ ಕೂರಿಸಿದರೆ ಯಾವ ಗುರುತೂ ಇಲ್ಲ. ಹಾರಿಸಿದಾಗ ಸಿಲಿಂಡರ್ ಸೀಳುತ್ತದೆ, ಅದರ ಮೇಲೆ ಹಾಯುವ ರಿವಾಲ್ವರಿನ ಪಟ್ಟಿ ಕಿತ್ತುಹೋಗುತ್ತದೆ. ಬೆರಳಿನ ಗತಿ ಹೇಳಬೇಕಿಲ್ಲ.

ಇದಕ್ಕೆ ಒಂದು ಅಭ್ಯಾಸ ಮಾಡಿಕೊಳ್ಳಿ. ತೂತಿನ ಹಲಗೆಯಲ್ಲಿ ಎಲ್ಲ ಕೇಸನ್ನೂ ಬಾಯಿ ಕೆಳಗೆ ಮಾಡಿ ಇಡಿ. ಒಂದನ್ನು ಎತ್ತಿ, ಪೌಡರ್ ಹಾಕಿ, ಬಾಯಿ ಮೇಲೆ ಮಾಡಿ ಇಡಿ. ಬಾಯಿ ಕೆಳಗಿರುವುದರಲ್ಲಿ ಪೌಡರ್ ಇರುವುದಕ್ಕೆ ಸಾಧ್ಯವೇ ಇಲ್ಲ, ಅಲ್ವಾ? ಎಲ್ಲ ಮುಗಿದ ಮೇಲೆ, ಒಂದು ಬುಲೆಟ್ಟನ್ನೂ ಮುಟ್ಟುವ ಮೊದಲು, ಟಾರ್ಚ್ ಹಿಡಿದು ಸಾಲು ಸಾಲಾಗಿ ಒಳಗೆ ನೋಡಿ. ಎಲ್ಲದರ ಮಟ್ಟ ಒಂದೇ ಇರಬೇಕು. ಅನುಮಾನ ಬಂದದ್ದನ್ನು ಡಬ್ಬಿಗೆ ವಾಪಸ್ ಸುರಿದು ಮತ್ತೆ ಅಳೆಯಿರಿ. ಸುತ್ತಿಗೆ ಕಿಟ್ಟಿನವರು ಒಂದೊಂದನ್ನೇ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗುವುದರಿಂದ ಈ ತಪ್ಪಿಗೆ ಅವಕಾಶ ಕಡಿಮೆ. ನಿಧಾನದ ಉಪಕರಣವನ್ನೇ ಮೊದಲು ಕೊಳ್ಳಿ ಅನ್ನುವುದಕ್ಕೆ ನನ್ನ ದೊಡ್ಡ ಕಾರಣ ಇದು.

ಕೆಲಸದ ನಡುವೆ ಫೋನ್ ಬಂದರೆ ಎತ್ತಬೇಡಿ. ಊರಿನಿಂದ ಅಮ್ಮನದೇ ಬಂದರೂ ಆಮೇಲೆ ಮಾಡಿ.

ಪೌಡರ್ ಬೀಳದೇ ಹೋದರೆ ಏನಾಗುತ್ತದೆ?

ಪ್ರೈಮರ್ ಒಂದೇ ಬುಲೆಟ್ಟನ್ನು ಕೇಸಿನಿಂದ ಹೊರಗೆ ತಳ್ಳುತ್ತದೆ, ಆದರೆ ಬ್ಯಾರೆಲ್ ದಾಟಿಸುವ ಶಕ್ತಿ ಇರುವುದಿಲ್ಲ. ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸದ್ದು "ಢಂ" ಅನ್ನುವ ಬದಲು "ಪುಸ್" ಅನ್ನುತ್ತದೆ, ಕೈಗೆ ಒದೆತ ಬರುವುದಿಲ್ಲ. ಆ ಕ್ಷಣಕ್ಕೆ ನಿಲ್ಲಿಸಬೇಕು. ಇನ್ನೊಂದು ಸಲ ಟ್ರಿಗರ್ ಒತ್ತಿದರೆ ಎರಡನೇ ಬುಲೆಟ್ ಮೊದಲನೆಯದಕ್ಕೆ ಗುದ್ದುತ್ತದೆ, ಬ್ಯಾರೆಲ್ ಉಬ್ಬುತ್ತದೆ ಇಲ್ಲವೇ ಸಿಡಿಯುತ್ತದೆ. ಬಂದೂಕಿನ ಮೂತಿ ಗುರಿಯ ಕಡೆಗೇ ಇರಲಿ, ಸ್ವಲ್ಪ ಹೊತ್ತು ಕಾಯಿರಿ, ಎಲ್ಲ ಕಾಡತೂಸು ತೆಗೆಯಿರಿ, ಆಮೇಲೆ ರೇಂಜ್ ಅಧಿಕಾರಿಯನ್ನು ಕರೆಯಿರಿ. ವೇಗವಾಗಿ ಹಾರಿಸುವವರಿಗೆ ಈ "ಪುಸ್" ಕೇಳಿಸುವುದಿಲ್ಲ. ಹೊಸದಾಗಿ ತುಂಬಿದ್ದನ್ನು ಹಾರಿಸುವಾಗ ಒಂದೊಂದಾಗಿ ಹಾರಿಸಿ.

ಇದರಲ್ಲಿ ದುಡ್ಡು ಉಳಿಯುತ್ತದಾ?

.38 ಸ್ಪೆಷಲ್, .45 ಕೋಲ್ಟ್, .44 ಮ್ಯಾಗ್ನಮ್‌ನಲ್ಲಿ ಉಳಿಯುತ್ತದೆ. ಅಂಗಡಿಯಲ್ಲಿ ಅವುಗಳ ಬೆಲೆ ಜಾಸ್ತಿ. 9 ಎಂಎಂ ಅಗ್ಗಕ್ಕೆ ಸಿಗುತ್ತದೆ, ಅದರಲ್ಲಿ ಗಿಟ್ಟುವುದು ಕಷ್ಟ. ಕೊರೊನಾ ಕಾಲದಲ್ಲಿ ಪ್ರೈಮರ್ ಅಂಗಡಿಗಳಿಂದಲೇ ಮಾಯವಾಗಿತ್ತು, ಬೆಲೆ ಗಗನಕ್ಕೇರಿತ್ತು. ಇನ್ನು ನಿಮ್ಮ ಸಮಯ. ಸುತ್ತಿಗೆ ಕಿಟ್ಟಿನಲ್ಲಿ ಗಂಟೆಗೆ ಐವತ್ತು ಆದರೆ ಕೈ ಚುರುಕು ಅಂತ ಅರ್ಥ. ಗಂಟೆಗೆ ನಾನೂರು ತುಂಬುವ ಯಂತ್ರಗಳೂ ಇವೆ. ಗಂಟೆಗೆ ಇಷ್ಟು ಡಾಲರ್ ಅಂತ ಲೆಕ್ಕ ಹಾಕುವವರು ಅಂಗಡಿಯದನ್ನೇ ಕೊಳ್ಳಲಿ.

ಮನೆಯಲ್ಲಿ ಮಕ್ಕಳಿದ್ದಾರೆ. ಸೀಸದ ವಿಷಯ ಏನು?

ಬುಲೆಟ್‌ನಲ್ಲಿ ಸೀಸ ಇದೆ ಅನ್ನುವುದು ಎಲ್ಲರಿಗೂ ಗೊತ್ತು. ಸುಟ್ಟ ಪ್ರೈಮರಿನ ಕರಿ ಪುಡಿಯಲ್ಲಿ ಸೀಸ ಇರುತ್ತದೆ ಅನ್ನುವುದನ್ನು ಮರೆಯುತ್ತಾರೆ. ಕೇಸ್ ಸ್ವಚ್ಛ ಮಾಡುವಾಗ ಏಳುವ ಧೂಳು ಅದೇ. ಊಟದ ಮೇಜು, ಅಡುಗೆಮನೆ ಕಟ್ಟೆ ಎರಡೂ ಬೇಡ. ಕಾರ್ಪೆಟ್ ಹಾಸಿದ ಕೋಣೆಯೂ ಬೇಡ, ಮಗು ಅಲ್ಲೇ ಅಂಬೆಗಾಲಿಡುತ್ತದೆ. ಗ್ಯಾರೇಜ್ ಸರಿ. ಕಾಫಿ ಲೋಟ ಹತ್ತಿರ ಇಟ್ಟುಕೊಳ್ಳಬೇಡಿ. ಮುಗಿದ ಮೇಲೆ ಸೋಪು ಹಾಕಿ ತಣ್ಣೀರಿನಲ್ಲಿ ಕೈ ತೊಳೆದು, ಬಟ್ಟೆ ಬದಲಿಸಿ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಸದ್ಯಕ್ಕೆ ಈ ಹವ್ಯಾಸ ಪಕ್ಕಕ್ಕಿಡಿ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆಯಲ್ಲಿ ಸೀಸದ ಮಟ್ಟವನ್ನೂ ನೋಡಿ ಅಂತ ಡಾಕ್ಟರಿಗೆ ಹೇಳಿ.

ಪೌಡರ್, ಪ್ರೈಮರ್ ಎಲ್ಲಿ ಇಡಬೇಕು?

ಬಂದ ಡಬ್ಬಿಯಲ್ಲೇ, ತಂಪಾದ ಒಣ ಜಾಗದಲ್ಲಿ, ಬೀಗ ಹಾಕಿ. ಹೊಗೆರಹಿತ ಪೌಡರ್ ಬಯಲಿನಲ್ಲಿ ಬುಸ್ಸನೆ ಉರಿಯುತ್ತದೆ, ಸಿಡಿಯುವುದಿಲ್ಲ. ಗಟ್ಟಿ ಕಬ್ಬಿಣದ ಪೆಟ್ಟಿಗೆಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಮಾತ್ರ ಅದು ಬಾಂಬು. ಪ್ರೈಮರ್ ತದ್ವಿರುದ್ಧ, ಅದು ಸಿಡಿಯುವುದಕ್ಕೆಂದೇ ಹುಟ್ಟಿದ್ದು. ಡಬ್ಬಿಯಲ್ಲಿ ಒಂದೊಂದಕ್ಕೂ ಬೇರೆ ಗೂಡು ಇರುವುದು ಒಂದು ಸಿಡಿದರೆ ಉಳಿದವು ಸಿಡಿಯದಿರಲಿ ಅಂತ. ಉಪ್ಪಿನಕಾಯಿ ಬಾಟಲಿಗೆ ಸುರಿದಿಡುವವರನ್ನು ನೋಡಿದ್ದೇನೆ. ಅವರ ಮನೆಗೆ ನಾನು ಹೋಗುವುದಿಲ್ಲ.

ಅಮೆರಿಕದ ಅಗ್ನಿಸುರಕ್ಷೆ ಮಾನದಂಡ ಎನ್‌ಎಫ್‌ಪಿಎ 495ರ ಪ್ರಕಾರ ಮನೆಯಲ್ಲಿ 20 ಪೌಂಡ್ ಪೌಡರ್, 10,000 ಪ್ರೈಮರ್ ಇಡಬಹುದು. ನಿಮ್ಮ ಊರಿನ ನಿಯಮ, ಬಾಡಿಗೆ ಕರಾರು ಇದಕ್ಕಿಂತ ಬಿಗಿ ಇರಬಹುದು. ಲೇಬಲ್ ಹರಿದ, ಏನೆಂದು ಗೊತ್ತಿಲ್ಲದ ಪೌಡರನ್ನು ಯಾವತ್ತೂ ಬಳಸಬೇಡಿ. ಒಂದು ಸಲಕ್ಕೆ ಮೇಜಿನ ಮೇಲೆ ಒಂದೇ ಡಬ್ಬಿ ಇರಲಿ.

ನಾನು ತುಂಬಿದ್ದನ್ನು ಗೆಳೆಯನಿಗೆ ಕೊಡಬಹುದಾ?

ಬೇಡ. ಅವನು ಕೊಟ್ಟದ್ದನ್ನು ನೀವೂ ಹಾರಿಸಬೇಡಿ. ಬಂದೂಕು ಕಂಪನಿಗಳು ರೀಲೋಡ್ ಬಳಸಿದರೆ ವಾರಂಟಿ ಇಲ್ಲ ಅಂತ ಬರೆದಿರುತ್ತವೆ. ಕೆಲವು ಒಳಾಂಗಣ ರೇಂಜ್‌ಗಳು ರೀಲೋಡ್ ಒಳಗೆ ಬಿಡುವುದಿಲ್ಲ, ಮೊದಲೇ ಕೇಳಿಕೊಂಡು ಹೋಗಿ.

ಬೆಂಗಳೂರಿಗೆ ವಾಪಸ್ ಹೋದ ಮೇಲೆ ಇದನ್ನು ಮುಂದುವರಿಸಬಹುದಾ?

ಇಲ್ಲ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಮದ್ದುಗುಂಡು ತಯಾರಿಕೆಗೆ ಲೈಸೆನ್ಸ್ ಬೇಕು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಇದ್ದರೂ ಅದು ತಯಾರಿಕೆಗೆ ಆಗುವುದಿಲ್ಲ. ಕಾಡತೂಸಿನ ಬಿಡಿಭಾಗ, ಅದನ್ನು ಮಾಡುವ ಯಂತ್ರ ಕೂಡ ಆ ಕಾಯ್ದೆಯಲ್ಲಿ ಮದ್ದುಗುಂಡು ಅಂತಲೇ ಬರುತ್ತದೆ. ನಿಮ್ಮ ಕಿಟ್ ಕೂಡ ಆ ಲೆಕ್ಕಕ್ಕೆ ಬರಬಹುದು. 2019ರ ತಿದ್ದುಪಡಿ ಆದ ಮೇಲೆ ಅಕ್ರಮ ತಯಾರಿಕೆಗೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ.

ನಾವು ಕೊಡಗಿನವರು. ನಮಗೆ ವಿನಾಯಿತಿ ಇದೆಯಲ್ಲ?

ಇದೆ, ಆದರೆ ಇದಕ್ಕಲ್ಲ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಸಿಕ್ಕಿರುವುದು 3 ಮತ್ತು 4ನೇ ಕಲಂನಿಂದ ವಿನಾಯಿತಿ, ಅಂದರೆ ಬಂದೂಕು ಹೊಂದುವ ವಿಷಯದಲ್ಲಿ. 1963ರಿಂದ ಇರುವ ಆ ವಿನಾಯಿತಿ ಈಗ 2029ರವರೆಗೆ ಮುಂದುವರಿದಿದೆ. ಅದು 5ನೇ ಕಲಂಗೆ ತಗಲುವುದಿಲ್ಲ. ಕೈಲ್‌ಪೊಳ್ದ್ ದಿನ ತೋಕಿಗೆ (ಬಂದೂಕಿಗೆ) ಹೂ ಇಟ್ಟು ಪೂಜೆ ಮಾಡುವ ಮನೆಯವರಿಗೂ ಕಾಡತೂಸು ತಯಾರಿಸುವ ಹಕ್ಕು ಇಲ್ಲ.

ವಿಮಾನದಲ್ಲಿ ಒಯ್ಯಬಹುದಾ?

ಪೌಡರ್, ಪ್ರೈಮರ್ ಎರಡನ್ನೂ ಅಮೆರಿಕದ ಒಳಗಿನ ವಿಮಾನದಲ್ಲೂ ಒಯ್ಯುವಂತಿಲ್ಲ, ಚೆಕ್-ಇನ್ ಲಗೇಜಿನಲ್ಲೂ ಇಲ್ಲ. ಊರಿಗೆ ಹೊರಡುವಾಗಂತೂ ರೇಂಜಿಗೆ ಬಳಸಿದ ಬ್ಯಾಗನ್ನು ತೆಗೆದುಕೊಂಡು ಹೋಗಲೇಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ಜೀವಂತ ಕಾಡತೂಸು ಸ್ಕ್ಯಾನರಿನಲ್ಲಿ ಕಂಡರೆ ಭಾರತದ ವಿಮಾನ ನಿಲ್ದಾಣದಲ್ಲಿ ಪೊಲೀಸ್ ಕೇಸ್ ಆಗುತ್ತದೆ, ಮದುವೆಗೆ ಅಂತ ಬಂದವರು ಕೋರ್ಟಿಗೆ ಅಲೆಯುತ್ತಾರೆ. ಖಾಲಿ ಕೇಸನ್ನು ಕೀಚೈನ್ ಮಾಡಿಕೊಂಡವರು ಅದನ್ನೂ ಮನೆಯಲ್ಲೇ ಬಿಟ್ಟು ಹೊರಡಿ.